ಮಳೆಗಿಂತ ಮೊದಲು ಮುಗಿಯಬೇಕಾದ ಲೆಕ್ಕ

ಕೊಳ್ಳೇಗಾಲದಿಂದ ತಮಿಳುನಾಡಿನ ಹಾಸನೂರಿನ ಕಡೆಗೆ ಹೋಗುವ ಕಾಡುದಾರಿಯಲ್ಲಿ ಒಡೆಯರಪಾಳ್ಯ ಸಿಗುತ್ತದೆ. ಒಂದು ಬದಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು, ಇನ್ನೊಂದು ಬದಿಗೆ ಮಲೆ ಮಹದೇಶ್ವರ ಬೆಟ್ಟದ ಕಾಡು, ನಡುವೆ ಮಳೆಯನ್ನೇ ನಂಬಿದ ಹೊಲಗಳು. 1970ರ ದಶಕದಲ್ಲಿ ಇಲ್ಲಿ ನೆಲೆ ಕಂಡ ಧೊಂಡೆನ್‌ಲಿಂಗ್ ಶಿಬಿರದ ಟಿಬೆಟನ್ನರೂ ಸುತ್ತಲಿನ ಹಳ್ಳಿಗಳವರೂ ಹೆಚ್ಚಾಗಿ ಬಿತ್ತುವುದು ಮುಸುಕಿನ ಜೋಳ. ಜೊತೆಗೆ ರಾಗಿ, ಹುರುಳಿ, ಅವರೆ. ಚಾಮರಾಜನಗರ ಜಿಲ್ಲೆಯ ಮಳೆ ವರ್ಷಕ್ಕೆ ಎರಡು ಸಲ ಏರುತ್ತದೆ. ಮೊದಲನೆಯದು ಮೇ ತಿಂಗಳಲ್ಲಿ, ಎರಡನೆಯದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಲೆನಾಡನ್ನು ತೋಯಿಸುವ ಜೂನ್, ಜುಲೈ ತಿಂಗಳ ಮುಂಗಾರು ಘಟ್ಟ ಇಳಿದು ಇಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಆದ್ದರಿಂದ ಬಿತ್ತನೆಗೆ ಮೇ ತಿಂಗಳ ಹದ ಮಳೆಯನ್ನು ಹಿಡಿಯಬೇಕು, ಕಟಾವಿನ ತೆನೆಯನ್ನು ಅಕ್ಟೋಬರ್ ಮಳೆಯಿಂದ ಉಳಿಸಿಕೊಳ್ಳಬೇಕು.

ಈ ಎರಡೂ ಕೆಲಸಗಳು ದಿನ ಲೆಕ್ಕದವಲ್ಲ, ಗಂಟೆ ಲೆಕ್ಕದವು. ಕಣದಲ್ಲಿ ಹರಡಿದ ಜೋಳವನ್ನು ಸಂಜೆಗೆ ಬಾಚಿ ಟಾರ್ಪಾಲು ಮುಚ್ಚಬೇಕೇ ಎಂದು ಮಧ್ಯಾಹ್ನ ಮೂರಕ್ಕೆ ಗೊತ್ತಾದರೆ ಉಪಯೋಗವಿದೆ. ರಾತ್ರಿ ಒಂಬತ್ತಕ್ಕೆ ಗೊತ್ತಾದರೆ ಜೋಳ ಆಗಲೇ ನೆನೆದಿರುತ್ತದೆ. ನಾಳೆ ಬಿತ್ತನೆಗೆ ಟ್ರ್ಯಾಕ್ಟರ್ ಹೇಳಬೇಕೇ, ಬೀಜ ತರಬೇಕೇ ಎಂಬುದೂ ಹಾಗೆಯೇ ಹಿಂದಿನ ದಿನವೇ ತೀರ್ಮಾನವಾಗಬೇಕಾದ ಮಾತು. ಹವಾಮಾನ ಮುನ್ಸೂಚನೆ ಸರಿಯೋ ತಪ್ಪೋ ಎಂದು ನಾವು ಬೇಕಾದಷ್ಟು ಚರ್ಚೆ ಮಾಡುತ್ತೇವೆ. ಅದು ಹೊತ್ತಿಗೆ ಸರಿಯಾಗಿ ಹೇಗೆ ತಯಾರಾಗುತ್ತದೆ ಎಂಬುದರ ಬಗ್ಗೆ ಮಾತೇ ಇಲ್ಲ. ಸಾವಿರಾರು ಪ್ರೊಸೆಸರ್‌ಗಳು ಒಟ್ಟಿಗೆ ಕೂತು ಮಾಡುವ ಲೆಕ್ಕವೊಂದನ್ನು ದಿನವೂ ಗೊತ್ತಾದ ಗಳಿಗೆಗೆ ಶುರುಮಾಡಿ ಗೊತ್ತಾದ ಗಳಿಗೆಗೆ ಮುಗಿಸುವುದು ಕಂಪ್ಯೂಟರ್ ವಿಜ್ಞಾನದ ಕಠಿಣ ಕೆಲಸಗಳಲ್ಲಿ ಒಂದು. ವೇಗಕ್ಕೆ ಸಿಗುವ ಹೊಗಳಿಕೆಯ ಕಾಲುಭಾಗವೂ ಅದಕ್ಕೆ ಸಿಕ್ಕಿಲ್ಲ.

ಈ ಲೆಕ್ಕದ ಗಡಿಯಾರ ಶುರುವಾಗುವುದು ಬೆಳಿಗ್ಗೆ 5:30ಕ್ಕೆ. ಗ್ರೀನಿಚ್‌ನಲ್ಲಿ ಆಗ ಮಧ್ಯರಾತ್ರಿ. ಜಗತ್ತಿನ ಎಂಟುನೂರಕ್ಕೂ ಹೆಚ್ಚು ಕಡೆಗಳಿಂದ ಹವಾಮಾನದ ಬಲೂನುಗಳು ಆ ಹೊತ್ತಿಗೆ ಆಕಾಶದಲ್ಲಿರುವಂತೆ ಮೇಲೇರುತ್ತವೆ. ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದವರೆಗೆ ಉಷ್ಣತೆ, ತೇವ, ಗಾಳಿ ಅಳೆದು ರೇಡಿಯೋ ಮೂಲಕ ಕೆಳಗೆ ಕಳಿಸುತ್ತವೆ. ಸಂಜೆ 5:30ಕ್ಕೆ ಮತ್ತೊಂದು ಸುತ್ತು. ದೇಶ ದೇಶಗಳ ನಡುವೆ ಜಗಳವಿರಲಿ, ಯುದ್ಧವೇ ಇರಲಿ, ಈ ಎರಡು ಹೊತ್ತುಗಳು ಎಲ್ಲರಿಗೂ ಒಂದೇ. ವಾತಾವರಣದ ಚಿತ್ರ ಬೇಕಾದರೆ ಎಲ್ಲ ಕಡೆಯೂ ಒಂದೇ ಕ್ಷಣದಲ್ಲಿ ಅಳೆಯಬೇಕು. ಮಂಗಳೂರಿನ ಬೆಳಗನ್ನೂ ಮಸ್ಕತ್‌ನ ಮಧ್ಯಾಹ್ನವನ್ನೂ ಸೇರಿಸಿ ಹೊಲಿದರೆ ಅದು ಯಾವ ಹೊತ್ತಿನ ಆಕಾಶವೂ ಆಗುವುದಿಲ್ಲ.

ಅಳತೆ ಮುಗಿದ ಕೂಡಲೇ ಲೆಕ್ಕ ಶುರುಮಾಡುವ ಹಾಗಿಲ್ಲ. ಬಲೂನು ಮೇಲಕ್ಕೆ ಹೋಗಿ ಒಡೆಯುವುದಕ್ಕೇ ಎರಡು ಗಂಟೆಯ ಹತ್ತಿರ ಹಿಡಿಯುತ್ತದೆ. ಉಪಗ್ರಹಗಳ ಮಾಹಿತಿ, ಹಡಗು ವಿಮಾನಗಳ ವರದಿ, ಸಮುದ್ರದ ತೇಲುಯಂತ್ರಗಳ ಸಂದೇಶ ಒಂದೊಂದಾಗಿ ಬಂದು ಸೇರಬೇಕು. ಕಾದಷ್ಟೂ ಮಾಹಿತಿ ಹೆಚ್ಚು, ಕಾದಷ್ಟೂ ಮುನ್ಸೂಚನೆ ತಡ. ಹಾಗಾಗಿ ಪ್ರತಿಯೊಂದು ಕೇಂದ್ರವೂ ಒಂದು ಗಡುವು ಇಟ್ಟುಕೊಂಡಿರುತ್ತದೆ. ಆ ಗಳಿಗೆ ದಾಟಿ ಬಂದದ್ದು ಎಷ್ಟೇ ಅಮೂಲ್ಯವಾದರೂ ಈ ಸುತ್ತಿಗೆ ಇಲ್ಲ. ಬಂದಷ್ಟನ್ನು ಹಿಂದಿನ ಸುತ್ತಿನ ಅಂದಾಜಿನೊಡನೆ ಹೊಂದಿಸಿ ಈ ಕ್ಷಣದ ವಾತಾವರಣ ಹೀಗಿರಬೇಕು ಎಂಬ ಒಂದು ಚಿತ್ರ ಕಟ್ಟುತ್ತಾರೆ. ಇದನ್ನು ದಿನಕ್ಕೆ ನಾಲ್ಕು ಸಲ, ಆರಾರು ಗಂಟೆಗೊಮ್ಮೆ ಮಾಡುವುದು ವಾಡಿಕೆ. ಅಲ್ಲಿಂದ ಮುಂದಕ್ಕೆ, ಕೆಲವೇ ನಿಮಿಷಗಳ ಒಂದೊಂದು ಹೆಜ್ಜೆಯಂತೆ, ಹತ್ತು ದಿನದವರೆಗೆ ಲೆಕ್ಕ ನಡೆಯುತ್ತದೆ.

ಈ ಲೆಕ್ಕವನ್ನು ಹಲವರು ಸೇರಿಯೇ ಮಾಡಬೇಕೆಂದು ಕಂಪ್ಯೂಟರ್ ಹುಟ್ಟುವ ಮೊದಲೇ ಕಂಡವನು ಇಂಗ್ಲೆಂಡಿನ ಲೂಯಿ ಫ್ರೈ ರಿಚರ್ಡ್‌ಸನ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಪಡೆಯಲ್ಲಿದ್ದಾಗ ಅವನು 1910ರ ಮೇ 20ರ ಒಂದು ದಿನದ ಮಾಹಿತಿ ಹಿಡಿದು ಆರು ಗಂಟೆಯ ಮುನ್ಸೂಚನೆಯನ್ನು ಕೈಯಲ್ಲೇ ಲೆಕ್ಕ ಹಾಕಿದ. ಉತ್ತರ ಪೂರ್ತಿ ತಪ್ಪಾಯಿತು. ಅವನು ಅದನ್ನು ಮುಚ್ಚಿಡಲಿಲ್ಲ. 1922ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹಾಗೇ ಕೊಟ್ಟ. ಅದೇ ಪುಸ್ತಕದಲ್ಲಿ ಅವನು ಕಲ್ಪಿಸಿಕೊಂಡ ಒಂದು ಸಭಾಂಗಣದ ವರ್ಣನೆಯಿದೆ. ಗೋಡೆಯ ತುಂಬ ಭೂಪಟ, ಅದರ ಒಂದೊಂದು ತುಂಡಿನ ಎದುರು ಲೆಕ್ಕ ಮಾಡುವ ಮನುಷ್ಯರು, ಒಟ್ಟು 64,000 ಮಂದಿ. ಪ್ರತಿಯೊಬ್ಬರೂ ತಮ್ಮ ತುಂಡಿನ ಉತ್ತರವನ್ನು ಪಕ್ಕದವರಿಗೆ ಕಾಣುವಂತೆ ತೋರಿಸಬೇಕು. ನಡುವೆ ಎತ್ತರದ ಪೀಠದಲ್ಲಿ ಒಬ್ಬ ಮೇಲ್ವಿಚಾರಕ. ಲೆಕ್ಕದಲ್ಲಿ ಮುಂದೆ ಓಡುವವರ ಮೇಲೆ ಅವನು ಗುಲಾಬಿ ಬೆಳಕು ಬಿಡುತ್ತಾನೆ, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು.

ಆ ಮೇಲ್ವಿಚಾರಕನ ಕೆಲಸವೇ ನಮ್ಮ ವಿಷಯ. ಇಂದು ಆ ಸಭಾಂಗಣ ಪುಣೆ, ನೋಯ್ಡಾದ ಹವಾಮಾನ ಕೇಂದ್ರಗಳಲ್ಲಿದೆ. ಕೂತವರು ಮನುಷ್ಯರಲ್ಲ, ಪ್ರೊಸೆಸರ್‌ಗಳು. ಭೂಮಿಯ ಮೈಯನ್ನು 12 ಕಿಲೋಮೀಟರ್ ಬದಿಯ ಚೌಕಗಳಾಗಿ ಹೆಚ್ಚಿದರೆ ಸುಮಾರು 35 ಲಕ್ಷ ಚೌಕಗಳಾಗುತ್ತವೆ. 6 ಕಿಲೋಮೀಟರ್ ಮಾಡಿದರೆ ಸುಮಾರು 1 ಕೋಟಿ 40 ಲಕ್ಷ. ಚೌಕ ಸಣ್ಣದಾದಂತೆ ಕಾಲದ ಹೆಜ್ಜೆಯನ್ನೂ ಸಣ್ಣದು ಮಾಡಬೇಕು, ಇಲ್ಲವಾದರೆ ಗಾಳಿ ಒಂದು ಚೌಕವನ್ನು ಹಾರಿ ಇನ್ನೊಂದಕ್ಕೆ ಹೋದಂತಾಗಿ ಲೆಕ್ಕ ಕೆಡುತ್ತದೆ. ಒಟ್ಟಿನಲ್ಲಿ ಬದಿಯನ್ನು ಅರ್ಧ ಮಾಡಿದರೆ ಕೆಲಸ ಎಂಟು ಪಟ್ಟಿಗೆ ಏರುತ್ತದೆ. ಪ್ರತಿ ಚೌಕದ ಮೇಲೂ ಆಕಾಶದವರೆಗೆ ಹತ್ತಾರು ಪದರಗಳಿವೆ ಎಂಬುದು ಬೇರೆ. 1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರದಲ್ಲಿ ಜೂಲ್ ಚಾರ್ನಿ, ಜಾನ್ ಫಾನ್ ನಾಯ್ಮನ್ ಮತ್ತು ಸಂಗಡಿಗರು ಮೊದಲ ಕಂಪ್ಯೂಟರ್ ಮುನ್ಸೂಚನೆ ಮಾಡಿದಾಗ 24 ಗಂಟೆಯ ಮುನ್ಸೂಚನೆಗೆ ಸುಮಾರು 24 ಗಂಟೆಯೇ ಹಿಡಿಯಿತು. ನಾಳೆಯ ಹವೆ ಗೊತ್ತಾದದ್ದು ನಾಳೆಯೇ.

ಒಂದು ಚೌಕದ ಗಾಳಿ ಪಕ್ಕದ ಚೌಕಕ್ಕೆ ಹರಿಯುತ್ತದೆ. ಆದ್ದರಿಂದ ಪ್ರತಿ ಹೆಜ್ಜೆಯ ಕೊನೆಯಲ್ಲಿ ಪ್ರತಿ ಪ್ರೊಸೆಸರ್ ತನ್ನ ಅಂಚಿನ ಅಂಕಿಗಳನ್ನು ನೆರೆಯವರಿಗೆ ಕೊಟ್ಟು, ಅವರ ಅಂಕಿಗಳನ್ನು ಪಡೆದು, ಆಮೇಲೆ ಮುಂದಿನ ಹೆಜ್ಜೆ ಇಡಬೇಕು. ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಒಂದೇ ಸಾಲಿನಲ್ಲಿ ಕೂತು ಮುಂದೆ ಸರಿಯುವುದನ್ನು ನೋಡಿದವರಿಗೆ ಇದು ಗೊತ್ತು: ಸಾಲು ಮುಂದೆ ಹೋಗುವುದು ಎಲ್ಲರಿಗಿಂತ ಹಿಂದಿರುವ ಕೈಯ ವೇಗದಲ್ಲಿ. ಸಾವಿರ ಪ್ರೊಸೆಸರ್‌ಗಳಲ್ಲಿ 999 ಚುರುಕಾಗಿದ್ದು ಒಂದು ಎಡವಿದರೆ ಉಳಿದವು ಕಾಯುತ್ತ ನಿಲ್ಲುತ್ತವೆ.

ಈಗ ಸಮಯಕ್ಕೆ ಸರಿಯಾಗಿ ಶುರುಮಾಡುವ ಮಾತು. ಒಂದು ಸಾಮಾನ್ಯ ಕಂಪ್ಯೂಟರಿನಲ್ಲಿ ಇದು ಏನೂ ಅಲ್ಲ. ಯುನಿಕ್ಸ್ ವ್ಯವಸ್ಥೆಯಲ್ಲಿ 1970ರ ದಶಕದಿಂದಲೂ ಕ್ರಾನ್ ಎಂಬ ಸಣ್ಣ ಪ್ರೋಗ್ರಾಂ ಇದೆ. ಇಂಥ ನಿಮಿಷ, ಇಂಥ ಗಂಟೆ, ಇಂಥ ವಾರ ಎಂದು ಒಂದು ಸಾಲು ಬರೆದಿಟ್ಟರೆ ಅದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಕೆಲಸ ಎಬ್ಬಿಸುತ್ತದೆ. ಬ್ಯಾಂಕಿನ ರಾತ್ರಿ ಲೆಕ್ಕ, ಆಫೀಸಿನ ಬ್ಯಾಕಪ್, ಸಂಬಳದ ಪಟ್ಟಿ ಇಂಥದ್ದೆಲ್ಲ ಇದರ ಮೇಲೆಯೇ ನಡೆದುಬಂದಿದೆ. ಒಂದೇ ಯಂತ್ರವಿದ್ದು ಸ್ವಲ್ಪ ಬಿಡುವಿಲ್ಲದಿದ್ದರೆ ಕೆಲಸ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಸಮಾಂತರ ಪ್ರೋಗ್ರಾಂಗೆ ಈ ಸಲೀಸು ಇಲ್ಲ. ಒಂದು ಯಂತ್ರದಲ್ಲಿ ಸಾವಿರ ನೋಡ್‌ಗಳಿವೆ ಎಂದು ಇಟ್ಟುಕೊಳ್ಳಿ. ನೋಡ್ ಎಂದರೆ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ ಇರುವ ಒಂದು ಘಟಕ. ಮುನ್ಸೂಚನೆಗೆ ಬೆಳಿಗ್ಗೆ 9:30ಕ್ಕೆ 800 ನೋಡ್ ಬೇಕು. 9:30ಕ್ಕೆ ನೂರು ಖಾಲಿ ಇದ್ದರೆ ನೂರರಲ್ಲಿ ಶುರುಮಾಡಿ ಮಿಕ್ಕವು ಬಂದಾಗ ಸೇರಿಸಿಕೊಳ್ಳೋಣ ಎನ್ನುವಂತಿಲ್ಲ. ಎಂಟುನೂರೂ ಅದೇ ಕ್ಷಣದಲ್ಲಿ ಖಾಲಿಯಾಗಿರಬೇಕು, ಕೊನೆಯವರೆಗೂ ಜೊತೆಯಲ್ಲಿರಬೇಕು. ಉಳಿದ ಹೊತ್ತಿನಲ್ಲಿ ಅದೇ ಯಂತ್ರದ ಮೇಲೆ ಬೇರೆಯವರ ಕೆಲಸವೂ ಇರುತ್ತದೆ. ಒಬ್ಬರು ಪ್ರೋಟೀನಿನ ಅಣು ಮಡಚುವುದನ್ನು ಲೆಕ್ಕ ಹಾಕುತ್ತಿರುತ್ತಾರೆ, ಇನ್ನೊಬ್ಬರು ಸಾಗರದ ಪ್ರವಾಹವನ್ನು. ಯಾರದು ಯಾವಾಗ ಮುಗಿಯುತ್ತದೋ ಅವರಿಗೇ ಸರಿಯಾಗಿ ತಿಳಿದಿರುವುದಿಲ್ಲ.

ಇಲ್ಲಿ ಬರುವುದು ಶೆಡ್ಯೂಲರ್, ಯಾವ ಕೆಲಸ ಯಾವಾಗ ಓಡಬೇಕೆಂದು ಗೊತ್ತುಮಾಡುವ ಪ್ರೋಗ್ರಾಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಬಂದ ಸಹಸ್ರಟಿ ಸೂಪರ್‌ಕಂಪ್ಯೂಟರ್ ಆಗಲಿ, 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್ (ಇದು ಲೆಕ್ಕದ ವೇಗದ ಅಳತೆ) ಸಾಮರ್ಥ್ಯದ ಪರಮ್ ಪ್ರವೇಗ ಆಗಲಿ, ಯಾವುದರ ಮುಂದೆಯೂ ಸಂಶೋಧಕ ನೇರವಾಗಿ ಹೋಗಿ ಕೂರುವುದಿಲ್ಲ. ತನಗೆ ಎಷ್ಟು ನೋಡ್ ಬೇಕು, ಎಷ್ಟು ಗಂಟೆ ಬೇಕು ಎಂದು ಬರೆದು ಕೆಲಸವನ್ನು ಕ್ಯೂಗೆ ಹಾಕುತ್ತಾನೆ. ಜಗತ್ತಿನ ದೊಡ್ಡ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಲರ್ಮ್ ಮತ್ತು ಪಿಬಿಎಸ್ ಎಂಬ ಪ್ರೋಗ್ರಾಂಗಳು ಈ ಕ್ಯೂವನ್ನು ನೋಡಿಕೊಳ್ಳುತ್ತವೆ. ಪಿಬಿಎಸ್ ಹುಟ್ಟಿದ್ದು 1990ರ ದಶಕದಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ. ಸ್ಲರ್ಮ್ ಅದಾದ ಕೆಲವು ವರ್ಷಕ್ಕೆ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ. ಎರಡರಲ್ಲೂ ಒಂದು ಕೆಲಸಕ್ಕೆ ‘ಇಂಥ ಹೊತ್ತಿಗಿಂತ ಮುಂಚೆ ಶುರುವಾಗಬೇಡ’ ಎಂದು ಹೇಳಬಹುದು. ಆದರೆ ಅದು ಬರೀ ಕನಿಷ್ಠ ಸಮಯ. ಆ ಹೊತ್ತಿಗೆ ಶುರುವಾಗಿಯೇ ತೀರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಭರವಸೆ ಬೇಕಾದರೆ ನೋಡ್‌ಗಳನ್ನು ಮುಂಗಡವಾಗಿ ಕಾಯ್ದಿರಿಸಬೇಕು.

ಕಾಯ್ದಿರಿಸಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಿಂದಿನ ದಿನ ಮಧ್ಯಾಹ್ನ ಒಂದಕ್ಕೆ 24 ಗಂಟೆಯ ಕೆಲಸವೊಂದು ಬರುತ್ತದೆ. ಅದನ್ನು ಕಾಯ್ದಿರಿಸಿದ ನೋಡ್‌ಗಳ ಮೇಲೆ ಬಿಟ್ಟರೆ ನಾಳೆ 9:30ಕ್ಕೆ ಜಾಗ ತೆರವಾಗುವುದಿಲ್ಲ. ಹಾಗಾಗಿ ಶೆಡ್ಯೂಲರ್ ಅದನ್ನು ತಡೆಯುತ್ತದೆ. ರಾತ್ರಿ ಒಂಬತ್ತೂವರೆಗೆ ಹನ್ನೆರಡು ಗಂಟೆಗಿಂತ ಉದ್ದದ ಕೆಲಸಗಳಿಗೆ ಬಾಗಿಲು ಮುಚ್ಚುತ್ತದೆ. ಬೆಳಿಗ್ಗೆ 8:30ಕ್ಕೆ ಒಂದು ಗಂಟೆಯೊಳಗಿನವು ಮಾತ್ರ ಒಳಗೆ ಬರಬಹುದು. 9:20ಕ್ಕೆ ಬಹುಪಾಲು ನೋಡ್‌ಗಳು ಸುಮ್ಮನೆ ಕೂತಿರುತ್ತವೆ. ಕೋಟ್ಯಂತರ ರೂಪಾಯಿಯ ಯಂತ್ರ, ಕರೆಂಟು ಉರಿಸುತ್ತ, ತಣ್ಣಗಿನ ಗಾಳಿ ಹೊಡೆಸಿಕೊಳ್ಳುತ್ತ, ಏನೂ ಮಾಡದೆ.

ಈ ಖಾಲಿ ಜಾಗವನ್ನು ತುಂಬುವ ಉಪಾಯ 1995ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಿಂದ ಬಂತು. ಡೇವಿಡ್ ಲಿಫ್ಕಾ ಎಂಬವರು ಐಬಿಎಂ ಯಂತ್ರವೊಂದಕ್ಕೆ ಬರೆದ ಈಸಿ ಎಂಬ ಶೆಡ್ಯೂಲರ್ ಕ್ಯೂನ ಮುಂದಿರುವ ದೊಡ್ಡ ಕೆಲಸಕ್ಕೆ ಮೊದಲು ಹೊತ್ತು ಗೊತ್ತುಮಾಡಿ, ಆ ಹೊತ್ತನ್ನು ಮುಟ್ಟದ ಸಣ್ಣ ಕೆಲಸಗಳನ್ನು ಹಿಂದಿನಿಂದ ತಂದು ಸಂದಿಗಳಲ್ಲಿ ಕೂರಿಸಿತು. ಇದನ್ನು ಬ್ಯಾಕ್‌ಫಿಲ್ ಎನ್ನುತ್ತಾರೆ; ಇವತ್ತಿಗೂ ಹೆಚ್ಚುಕಡಿಮೆ ಎಲ್ಲ ದೊಡ್ಡ ಯಂತ್ರಗಳೂ ಇದರ ಒಂದು ರೂಪದ ಮೇಲೆಯೇ ನಡೆಯುತ್ತವೆ. ಇದರ ಜೀವ ಇರುವುದು ಬಳಕೆದಾರ ಬರೆದ ಗಂಟೆಯ ಅಂದಾಜಿನಲ್ಲಿ. ಗೊತ್ತುಮಾಡಿದ ಅವಧಿ ಮೀರಿದರೆ ಶೆಡ್ಯೂಲರ್ ಕೆಲಸವನ್ನು ಅರ್ಧಕ್ಕೇ ಕಡಿದುಹಾಕುತ್ತದೆ. ಆ ಹೆದರಿಕೆಯಿಂದ ಎರಡು ಗಂಟೆ ಸಾಕಾಗುವ ಕೆಲಸಕ್ಕೆ ಇಪ್ಪತ್ತನಾಲ್ಕು ಎಂದು ಬರೆಯುವುದು ಎಲ್ಲ ಕಡೆಯೂ ಇರುವ ಅಭ್ಯಾಸ. ಹಾಗೆ ಬರೆದವರ ಎರಡು ಗಂಟೆಯ ಕೆಲಸ ಮೂರು ಗಂಟೆಯ ಸಂದಿ ಎದುರಿಗಿದ್ದರೂ ಒಳಗೆ ಹೋಗಲಾರದೆ ರಾತ್ರಿಯಿಡೀ ಹೊರಗೆ ನಿಲ್ಲುತ್ತದೆ. ಸೂಪರ್‌ಕಂಪ್ಯೂಟರ್ ಬಳಸುವ ವಿದ್ಯಾರ್ಥಿಗಳಿಗೆ ನಾನು ಹೇಳಬಯಸುವ ಮಾತು ಇದೊಂದೇ: ನಿಮ್ಮ ಪ್ರೋಗ್ರಾಂ ಎಷ್ಟು ಹೊತ್ತು ಓಡುತ್ತದೆ ಎಂದು ಅಳೆದು ತಿಳಿದುಕೊಳ್ಳಿ. ಅದರಿಂದ ನಿಮಗೂ ಲಾಭ, ಕ್ಯೂನಲ್ಲಿರುವ ಎಲ್ಲರಿಗೂ ಲಾಭ.

ಇನ್ನೊಂದು ದಾರಿ ಓಡುತ್ತಿರುವ ಕೆಲಸವನ್ನು ನಡುವೆಯೇ ನಿಲ್ಲಿಸಿ, ಅದರ ಸ್ಥಿತಿಯನ್ನು ಡಿಸ್ಕಿಗೆ ಬರೆದು, ಆಮೇಲೆ ಅಲ್ಲಿಂದಲೇ ಮುಂದುವರಿಸುವುದು. ಇದಕ್ಕೆ ಪ್ರೋಗ್ರಾಂ ಸಿದ್ಧವಾಗಿರಬೇಕು, ಬರೆಯುವುದಕ್ಕೂ ಹೊತ್ತು ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಸ್ವಲ್ಪ ಜಾಗ ಖಾಲಿ ಉಳಿಯುತ್ತದೆ. ಸರ್ಕಾರಿ ಲೆಕ್ಕಪತ್ರದಲ್ಲಿ ಯಂತ್ರದ ಬಳಕೆ ಶೇಕಡಾ ಎಷ್ಟು ಎಂಬ ಕಲಮು ಇರುತ್ತದೆ. ನೂರಕ್ಕೆ ಹತ್ತಿರ ಇದ್ದಷ್ಟೂ ಯಂತ್ರ ಚೆನ್ನಾಗಿ ನಡೆಯುತ್ತಿದೆ ಎಂದು ಅರ್ಥ. ಸಂಶೋಧನೆಯ ಯಂತ್ರಕ್ಕೆ ಈ ಅಳತೆ ಸರಿ. ಮುನ್ಸೂಚನೆಯ ಯಂತ್ರಕ್ಕೆ ಇದನ್ನೇ ಹಿಡಿದು ಕೂತರೆ ತಪ್ಪು. ಹೊತ್ತಿಗೆ ಮುಂಚೆ ಹತ್ತು ನಿಮಿಷ ಸುಮ್ಮನಿದ್ದ ಪ್ರೊಸೆಸರ್ ಕರ್ತವ್ಯದಲ್ಲಿಯೇ ಇದೆ. ನಮ್ಮ ದೇಶದಲ್ಲಿ 2018ರ ಜನವರಿಯಲ್ಲಿ ಹವಾಮಾನಕ್ಕೆಂದು ಎರಡು ಯಂತ್ರಗಳು ಒಟ್ಟಿಗೆ ಬಂದವು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 4 ಪೆಟಾಫ್ಲಾಪ್‌ನ ಪ್ರತ್ಯುಷ್, ನೋಯ್ಡಾದ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದಲ್ಲಿ 2.8 ಪೆಟಾಫ್ಲಾಪ್‌ನ ಮಿಹಿರ್. ಎರಡು ಊರಲ್ಲಿ ಎರಡು ಯಂತ್ರ ಇರುವುದು ಒಂದೇ ದೊಡ್ಡ ಯಂತ್ರ ಇರುವುದಕ್ಕಿಂತ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ದಿನದ ಗಡುವಿರುವ ಕೆಲಸವನ್ನೂ ಗಡುವಿಲ್ಲದ ಸಂಶೋಧನೆಯನ್ನೂ ಒಂದೇ ಕ್ಯೂನಲ್ಲಿ ನಿಲ್ಲಿಸಿದರೆ ದಿನವೂ ಒಬ್ಬರು ಇನ್ನೊಬ್ಬರ ದಾರಿಗೆ ಅಡ್ಡ.

ಹೊತ್ತಿಗೆ ಶುರುವಾಯಿತು ಎಂದಿಟ್ಟುಕೊಳ್ಳಿ. ಹೊತ್ತಿಗೆ ಮುಗಿಯುತ್ತದೆಯೇ? ಇದಕ್ಕೆ ಸಂಬಂಧಪಟ್ಟ ಒಂದು ಪ್ರಕರಣ ನನಗೆ ಬಹಳ ಇಷ್ಟ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಎಎಸ್‌ಸಿಐ ಕ್ಯೂ ಎಂಬ ಯಂತ್ರವಿತ್ತು. ನಾಲ್ಕು ನಾಲ್ಕು ಪ್ರೊಸೆಸರ್‌ಗಳ 2,048 ನೋಡ್, ಒಟ್ಟು 8,192 ಪ್ರೊಸೆಸರ್. ಅದರ ಮೇಲೆ ಸೇಜ್ ಎಂಬ ಪ್ರೋಗ್ರಾಂ ಓಡಿಸಿದಾಗ ಲೆಕ್ಕಾಚಾರದ ಪ್ರಕಾರ ಬರಬೇಕಾದ ವೇಗದ ಸುಮಾರು ಅರ್ಧ ಮಾತ್ರ ಬರುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ, ಪ್ರೋಗ್ರಾಂ ಕೆಟ್ಟಿರಲಿಲ್ಲ, ನೆಟ್‌ವರ್ಕೂ ಸರಿಯಾಗಿತ್ತು. ಫಾಬ್ರಿಜಿಯೋ ಪೆಟ್ರೀನಿ ಮತ್ತು ಇಬ್ಬರು ಸಂಗಡಿಗರು 2003ರಲ್ಲಿ ಇದರ ಬೆನ್ನು ಹತ್ತಿದರು. ಸಿಕ್ಕ ಮೊದಲ ಸುಳಿವೇ ವಿಚಿತ್ರ: ದೊಡ್ಡ ಸಂಖ್ಯೆಯ ನೋಡ್‌ಗಳಲ್ಲಿ ನಾಲ್ಕರ ಬದಲು ಮೂರೇ ಪ್ರೊಸೆಸರ್‌ಗಳನ್ನು ಬಳಸಿದರೆ ಕೆಲಸ ಬೇಗ ಮುಗಿಯುತ್ತಿತ್ತು.

ಕಾರಣ ಪ್ರತಿ ನೋಡ್‌ನ ಸಣ್ಣಪುಟ್ಟ ಮನೆಗೆಲಸ. ಆಪರೇಟಿಂಗ್ ಸಿಸ್ಟಮ್ ಆಗಾಗ ಎದ್ದು ಡಿಸ್ಕು ನೋಡುತ್ತದೆ, ಲಾಗ್ ಬರೆಯುತ್ತದೆ, ತಾನಿನ್ನೂ ಬದುಕಿದ್ದೇನೆ ಎಂದು ಮೇಲ್ವಿಚಾರಕ ನೋಡ್‌ಗೆ ತಿಳಿಸುತ್ತದೆ. ಒಂದು ನೋಡ್‌ನಲ್ಲಿ ಇದು ಲೆಕ್ಕಕ್ಕೇ ಬಾರದಷ್ಟು ಅಲ್ಪ. ಒಟ್ಟಿಗೆ ಸೇರಿದರೆ ಹೇಗಾಗುತ್ತದೆ ಎಂದು ಒಂದು ಸರಳ ಲೆಕ್ಕದಲ್ಲಿ ನೋಡಬಹುದು. ಪ್ರತಿ ನೋಡ್ ಸಾವಿರ ಹೆಜ್ಜೆಗೆ ಒಂದು ಸಲ ಮಾತ್ರ, ತನಗೆ ತೋಚಿದಾಗ, ಮನೆಗೆಲಸಕ್ಕೆ ನಿಲ್ಲುತ್ತದೆ ಎನ್ನಿ. 2,048 ನೋಡ್‌ಗಳಲ್ಲಿ ಯಾವುದೊಂದೂ ನಿಲ್ಲದ ಹೆಜ್ಜೆಗಳು ನೂರಕ್ಕೆ ಹದಿಮೂರು ಮಾತ್ರ. ಮಿಕ್ಕ ಎಂಬತ್ತೇಳು ಹೆಜ್ಜೆಗಳಲ್ಲಿ ಎಲ್ಲೋ ಯಾವುದೋ ಒಂದು ನೋಡ್ ನಿಂತಿರುತ್ತದೆ, ಅದರ ಹಿಂದೆ ಎಲ್ಲವೂ ನಿಲ್ಲುತ್ತವೆ. ನಾಲ್ಕರಲ್ಲಿ ಒಂದು ಪ್ರೊಸೆಸರನ್ನು ಬಿಟ್ಟುಕೊಟ್ಟಾಗ ಮನೆಗೆಲಸ ಅದರ ಮೇಲೆ ನಡೆದು ಮಿಕ್ಕ ಮೂರು ನಿರಾತಂಕವಾಗಿ ದುಡಿಯುತ್ತಿದ್ದವು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಅಷ್ಟೇ ಮನೆಗೆಲಸವನ್ನು 2,048 ನೋಡ್‌ಗಳೂ ಒಂದೇ ಕ್ಷಣದಲ್ಲಿ ಮಾಡಿದರೆ? ಆಗ ಸಾವಿರಕ್ಕೆ ಒಂದೇ ಒಂದು ಹೆಜ್ಜೆ ತಡವಾಗುತ್ತದೆ. ಕೆಲಸದ ಪ್ರಮಾಣ ಒಂದಿಷ್ಟೂ ಕಡಿಮೆಯಾಗಿಲ್ಲ, ಹೊತ್ತು ಮಾತ್ರ ಕೂಡಿಕೊಂಡಿದೆ. 1982ರಲ್ಲೇ ಜಾನ್ ಔಸ್ಟರ್‌ಹೌಟ್ ಇದರ ತತ್ವವನ್ನು ಹೇಳಿದ್ದರು: ಒಂದು ಪ್ರೋಗ್ರಾಂನ ಎಲ್ಲ ತುಂಡುಗಳಿಗೂ ಪ್ರೊಸೆಸರ್ ಒಂದೇ ಹೊತ್ತಿಗೆ ಸಿಗಬೇಕು. ಲಾಸ್ ಅಲಮೋಸ್‌ನವರು ಬೇಡದ ಮನೆಗೆಲಸಗಳನ್ನು ತೆಗೆದುಹಾಕಿ, ಕೆಲವನ್ನು ಅಪರೂಪವಾಗಿಸಿ, ಕೆಲವನ್ನು ಬೇರೆ ನೋಡ್‌ಗೆ ಸಾಗಿಸಿ, ಒಂದು ತಿರುಪನ್ನೂ ಬದಲಿಸದೆ ಸೇಜ್‌ನ ವೇಗವನ್ನು ಸುಮಾರು ಎರಡು ಪಟ್ಟು ಮಾಡಿದರು. ಹೊಸ ಯಂತ್ರಕ್ಕೆ ದುಡ್ಡು ಕೇಳುವ ಮೊದಲು ಇರುವ ಯಂತ್ರದ ಗಡಿಯಾರಗಳನ್ನು ಕೂಡಿಸಿ ನೋಡುವುದು ಎಷ್ಟು ದೊಡ್ಡ ಉಳಿತಾಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಪ್ರೊಸೆಸರ್ ಹೆಚ್ಚಿಸುವುದೇ ಪರಿಹಾರವಲ್ಲ ಎಂದು ಬೆಲ್ ಲ್ಯಾಬ್ಸ್‌ನ ರೊನಾಲ್ಡ್ ಗ್ರಹಾಂ 1966ರಲ್ಲೇ ಗಣಿತದಿಂದ ತೋರಿಸಿದ್ದರು. ಒಂದರ ಉತ್ತರಕ್ಕೆ ಇನ್ನೊಂದು ಕಾಯುವಂಥ ಕೆಲಸಗಳ ಕೆಲವು ಜೋಡಣೆಗಳಲ್ಲಿ ಒಂದು ಪ್ರೊಸೆಸರ್ ಹೆಚ್ಚಿಗೆ ಕೊಟ್ಟರೆ ಒಟ್ಟು ಸಮಯ ಕಡಿಮೆಯಾಗುವ ಬದಲು ಜಾಸ್ತಿಯೇ ಆಗಬಹುದು.

ಕರ್ನಾಟಕಕ್ಕೆ ಈ ವಿದ್ಯೆಯಲ್ಲಿ ಹಳೆಯ ಪಾಲಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, ಯು.ಎನ್. ಸಿನ್ಹಾ ಮತ್ತು ಅವರ ತಂಡ 1986ರಲ್ಲಿ ಫ್ಲೋಸಾಲ್ವರ್ ಕಟ್ಟಿತು. ಅಂಗಡಿಯಲ್ಲಿ ಸಿಗುತ್ತಿದ್ದ ಇಂಟೆಲ್ ಚಿಪ್‌ಗಳ ನಾಲ್ಕು ಪ್ರೊಸೆಸರ್‌ಗಳನ್ನು ಜೋಡಿಸಿದ ಯಂತ್ರ ಅದು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಎಂಬ ಹೆಸರು ಅದಕ್ಕಿದೆ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಪರಮ್ 8000 ಯಂತ್ರ ಬಂದದ್ದು 1991ರಲ್ಲಿ. ದೆಹಲಿಗೆ ಹವಾಮಾನಕ್ಕೆಂದು ಅಮೆರಿಕದಿಂದ ಕ್ರೇ ಎಕ್ಸ್-ಎಂಪಿ ಬಂದದ್ದು 1980ರ ದಶಕದ ಕೊನೆಗೆ, ಬಹಳ ಚೌಕಾಸಿಯ ನಂತರ, ಒಂದೇ ಪ್ರೊಸೆಸರಿನೊಂದಿಗೆ. ಆ ಕ್ರೇ ಮೇಲೆ ಓಡುತ್ತಿದ್ದ ಮುನ್ಸೂಚನೆಯ ಮಾದರಿಯನ್ನು ಬೆಂಗಳೂರಿನವರು 1990ರ ದಶಕದಲ್ಲಿ ಫ್ಲೋಸಾಲ್ವರ್‌ನ ಹಲವು ಪ್ರೊಸೆಸರ್‌ಗಳ ಮೇಲೆ ಓಡುವಂತೆ ಹಂಚಿದರು. ಮುಂದೆ ಅವರೇ ವರ್ಷ ಎಂಬ ತಮ್ಮದೇ ಮಾದರಿಯನ್ನೂ ರೂಪಿಸಿದರು. ಹಂಚುವುದು ಸುಲಭವಿರಲಿಲ್ಲ. ಆ ಬಗೆಯ ಮಾದರಿಯಲ್ಲಿ ವಾತಾವರಣವನ್ನು ಅಲೆಗಳ ಮೊತ್ತವಾಗಿ ಬರೆಯುತ್ತಾರೆ, ಹಾಗಾಗಿ ಪ್ರತಿ ಪ್ರೊಸೆಸರ್‌ಗೂ ನೆರೆಯವರ ಅಂಕಿಗಳಷ್ಟೇ ಸಾಲದು, ಎಲ್ಲರ ಅಂಕಿಗಳೂ ಬೇಕು. ವಿಮಾನದ ರೆಕ್ಕೆಯ ಮೇಲಿನ ಗಾಳಿ ಅಧ್ಯಯನ ಮಾಡುವವರು ಮುಂಗಾರಿನ ಗಾಳಿಗೆ ಕೈಹಾಕಿದ್ದು ಆಕಸ್ಮಿಕವಲ್ಲ. ನರಸಿಂಹ ಅವರಿಗೆ ಎರಡೂ ಒಂದೇ ದ್ರವಚಲನ ವಿಜ್ಞಾನದ ಅಧ್ಯಾಯಗಳಾಗಿದ್ದವು.

ಈಗಿನ ಮಾತಿಗೆ ಬಂದರೆ, 2024ರ ಸೆಪ್ಟೆಂಬರ್‌ನಲ್ಲಿ ಪುಣೆಗೆ 11.77 ಪೆಟಾಫ್ಲಾಪ್‌ನ ಅರ್ಕ, ನೋಯ್ಡಾಕ್ಕೆ 8.24 ಪೆಟಾಫ್ಲಾಪ್‌ನ ಅರುಣಿಕಾ ಬಂದವು. 2025ರ ಮೇ 26ರಂದು 6 ಕಿಲೋಮೀಟರ್ ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಅನ್ನು ದೇಶಕ್ಕೆ ಅರ್ಪಿಸಿದರು. ಅದುವರೆಗೆ ಬಳಕೆಯಲ್ಲಿದ್ದ ಜಾಗತಿಕ ಮಾದರಿಯ ಚೌಕ 12 ಕಿಲೋಮೀಟರಿನದು. ಆಗ ಪ್ರಕಟವಾದ ಅಂಕಿಗಳಲ್ಲಿ ನನ್ನ ಕಣ್ಣು ನಿಂತದ್ದು ಪೆಟಾಫ್ಲಾಪ್ ಮೇಲಲ್ಲ. ಈ ಮಾದರಿಗೆ ಪ್ರತ್ಯುಷ್‌ನಲ್ಲಿ ಹತ್ತು ಗಂಟೆಯವರೆಗೂ ಹಿಡಿಯುತ್ತಿತ್ತು, ಅರ್ಕದಲ್ಲಿ ನಾಲ್ಕು ಗಂಟೆ ಸಾಕು ಎಂಬ ಮಾತು ಅಲ್ಲಿತ್ತು. ಬೆಳಿಗ್ಗೆ 5:30ರ ಅಳತೆ, ಮಾಹಿತಿ ಸೇರಲು ಮೂರೋ ನಾಲ್ಕೋ ಗಂಟೆ, ಆಮೇಲೆ ಹತ್ತು ಗಂಟೆಯ ಲೆಕ್ಕ ಎಂದರೆ ಉತ್ತರ ಕೈಗೆ ಬರುವಾಗ ರಾತ್ರಿ ಊಟದ ಹೊತ್ತು. ಅದೇ ಲೆಕ್ಕ ನಾಲ್ಕು ಗಂಟೆಯದಾದರೆ ಮಧ್ಯಾಹ್ನ ಒಂದೂವರೆ. ಒಡೆಯರಪಾಳ್ಯದ ಕಣದಲ್ಲಿ ಹರಡಿರುವ ಜೋಳಕ್ಕೆ ಆ ಆರು ಗಂಟೆಗಳೇ ಬೆಲೆ.

ಮುನ್ಸೂಚನೆ ಒಂದೇ ಓಟದಿಂದ ಮುಗಿಯುವುದೂ ಇಲ್ಲ. ಶುರುವಿನ ಚಿತ್ರವನ್ನು ಚೂರುಚೂರು ಬದಲಿಸಿ ಅದೇ ಮಾದರಿಯನ್ನು ಹಲವು ಸಲ ಓಡಿಸುತ್ತಾರೆ. ನಮ್ಮಲ್ಲಿ 2018ರ ಜೂನ್‌ನಿಂದ 12 ಕಿಲೋಮೀಟರ್ ಚೌಕದಲ್ಲಿ 21 ಓಟಗಳ ಪದ್ಧತಿ ಬಂತು. 21ರಲ್ಲಿ 17 ಮಳೆ ತೋರಿಸಿದರೆ ಒಂದು ಮಾತು, 6 ತೋರಿಸಿದರೆ ಇನ್ನೊಂದು. ಈ ಓಟಗಳಿಗೆ ಒಂದರ ಹಂಗು ಇನ್ನೊಂದಕ್ಕಿಲ್ಲ, ಬೇರೆ ಬೇರೆಯಾಗಿ ನಡೆಯಬಹುದು. ಶೆಡ್ಯೂಲರ್‌ಗೆ ಇದು ಸಮಾಧಾನದ ವಿಷಯ. ಆದರೆ ಶೇಕಡಾವಾರು ಸಾಧ್ಯತೆ ಹೇಳಬೇಕಾದರೆ ಇಪ್ಪತ್ತೊಂದನೆಯದು ಮುಗಿಯುವವರೆಗೆ ಕಾಯಲೇಬೇಕು.

ಯಂತ್ರದಿಂದ ಹೊರಬಿದ್ದ ಮೇಲೂ ಗಡುವುಗಳು ನಿಲ್ಲುವುದಿಲ್ಲ. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ್ದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ನೆಟ್ಟಿರುವ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಅಂಕಿ ಕಳಿಸುತ್ತವೆ. ಇಷ್ಟು ದಟ್ಟವಾದ ಮಳೆಮಾಪಕಗಳ ಜಾಲ ಕಟ್ಟಿದ್ದು ಕರ್ನಾಟಕದ ಹೆಮ್ಮೆಯ ಕೆಲಸ, ಅದನ್ನು ಬಾಯಿತುಂಬ ಹೇಳಬೇಕು. ಹೋಬಳಿ ಮಟ್ಟದ, ಆಮೇಲೆ ಪಂಚಾಯಿತಿ ಮಟ್ಟದ ಮುನ್ಸೂಚನೆಗೂ ಈ ಕೇಂದ್ರ ವಿಜ್ಞಾನ ಸಂಸ್ಥೆಗಳ ಜೊತೆ ಕೈಜೋಡಿಸಿದೆ; ವರುಣ ಮಿತ್ರ ಸಹಾಯವಾಣಿಗೆ ರೈತ ಯಾವ ಹೊತ್ತಿನಲ್ಲಾದರೂ ಕರೆಮಾಡಿ ತನ್ನ ಊರಿನ ಮಳೆಯ ಬಗ್ಗೆ ಕೇಳಬಹುದು. ಮುನ್ಸೂಚನೆ ನಿಜವಾಯಿತೇ ಎಂಬ ಪರೀಕ್ಷೆಗೂ ಹೊತ್ತು ಗೊತ್ತಿದೆ: ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ.

6 ಕಿಲೋಮೀಟರ್ ಎಂದರೆ ನೆಲದ ಮೇಲೆ ಎಷ್ಟು ಎಂದೂ ಯೋಚಿಸಬೇಕು. 36 ಚದರ ಕಿಲೋಮೀಟರಿನ ಒಂದು ಚೌಕಕ್ಕೆ ಮಾದರಿ ಒಂದೇ ಮಳೆಯ ಅಂಕಿ ಕೊಡುತ್ತದೆ. ಬಿಳಿಗಿರಿರಂಗನ ಬೆಟ್ಟದ ಏಣಿನಿಂದ ಲೊಕ್ಕನಹಳ್ಳಿ, ಹನೂರಿನ ಬಯಲಿಗೆ ಇಳಿಯುವಾಗ ಎತ್ತರ ಬೇಗ ಬೇಗ ಬದಲಾಗುತ್ತದೆ. ಮೇ ತಿಂಗಳ ಗುಡುಗು ಮಳೆ ಒಂದು ಹೊಲಕ್ಕೆ ಸುರಿದು ರಸ್ತೆಯಾಚೆಯದನ್ನು ಬಿಡುವುದನ್ನು ಇಲ್ಲಿಯವರು ವರ್ಷ ವರ್ಷವೂ ನೋಡುತ್ತಾರೆ. ಅದನ್ನು ಹಿಡಿಯಲು 1 ಕಿಲೋಮೀಟರ್ ಚೌಕಕ್ಕೆ ಇಳಿಯಬೇಕಾದರೆ ಲೆಕ್ಕ ಇನ್ನೂರು ಪಟ್ಟಿಗೂ ಮೀರಿ ಬೆಳೆಯುತ್ತದೆ, ಗಡುವು ಮಾತ್ರ ಇದ್ದಲ್ಲೇ ಇರುತ್ತದೆ.

ಈಚೆಗೆ ಇದಕ್ಕೆ ಬೇರೆಯೇ ದಿಕ್ಕಿನಿಂದ ಒಂದು ದಾರಿ ತೆರೆದಿದೆ. 2023ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿ ಹತ್ತು ದಿನದ ಮುನ್ಸೂಚನೆಯನ್ನು ಒಂದೇ ಚಿಪ್‌ನಲ್ಲಿ ಒಂದು ನಿಮಿಷದೊಳಗೆ ಮಾಡಿ ತೋರಿಸಿತು. ಯುರೋಪಿನ ಮುನ್ಸೂಚನಾ ಕೇಂದ್ರ 2025ರ ಫೆಬ್ರವರಿಯಲ್ಲಿ ಇಂಥದೇ ತನ್ನ ಮಾದರಿಯನ್ನು ದಿನಬಳಕೆಗೆ ತಂದಿತು. ಅದೇ ವರ್ಷ ನಮ್ಮ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಇಂಥ ಮಾದರಿಗಳ ಆಧಾರದಲ್ಲಿ ಮುಂಗಾರು ಆರಂಭದ ಮುನ್ಸೂಚನೆಯನ್ನು ಮೊಬೈಲಿಗೆ ಕಳಿಸಿತು. ಇಲ್ಲಿ ಕೆಲಸದ ಹೊರೆ ಜಾಗ ಬದಲಿಸಿದೆ. ವಾರಗಟ್ಟಲೆ ಹಿಡಿಯುವ ಕಲಿಕೆ ಒಂದೇ ಸಲ ನಡೆಯುತ್ತದೆ, ಅದಕ್ಕೆ ದಿನದ ಗಡುವಿಲ್ಲ, ಕ್ಯೂನಲ್ಲಿ ಎಷ್ಟು ದಿನ ನಿಂತರೂ ಯಾರ ಜೋಳವೂ ನೆನೆಯುವುದಿಲ್ಲ. ಗಡುವಿರುವ ಓಟ ನಿಮಿಷದ್ದು.

ಆದರೆ ಆ ನಿಮಿಷದ ಓಟಕ್ಕೂ ಎಲ್ಲಿಂದ ಹೊರಡಬೇಕು ಎಂಬ ಚಿತ್ರ ಬೇಕು. ಬಲೂನು, ಉಪಗ್ರಹ, ಹಡಗುಗಳ ಅಂಕಿಗಳನ್ನು ಹೊಂದಿಸಿ ಈ ಕ್ಷಣದ ವಾತಾವರಣವನ್ನು ಕಟ್ಟುವ ಕೆಲಸ ಇಂದಿಗೂ ಹಳೆಯ ರೀತಿಯ ಭೌತವಿಜ್ಞಾನದ ಮಾದರಿಗಳ ಮೇಲೆ, ಸಾವಿರಾರು ಪ್ರೊಸೆಸರ್‌ಗಳ ಮೇಲೆ, ಆರು ಗಂಟೆಗೊಮ್ಮೆ ನಡೆಯುತ್ತಿದೆ. ಈ ಹೊಸ ಮಾದರಿಗಳು ಕಲಿತದ್ದೂ ಅಂಥ ಚಿತ್ರಗಳ ದಶಕಗಳ ಸಂಗ್ರಹದಿಂದಲೇ. ಆ ಭಾಗವನ್ನೂ ನಿಮಿಷಕ್ಕೆ ಇಳಿಸುವ ಪ್ರಯತ್ನಗಳು ಹಲವು ಕಡೆ ನಡೆದಿವೆ. ಅವು ಕೈಗೂಡುವವರೆಗೆ ಪುಣೆ, ನೋಯ್ಡಾದ ಶೆಡ್ಯೂಲರ್‌ಗಳು ದಿನಕ್ಕೆ ನಾಲ್ಕು ಸಲ ಜಾಗ ತೆರವು ಮಾಡಿ ಕಾಯಲೇಬೇಕು.